ಬೆಳಕಿಂಡಿಯ ಜಗಳ

ಮೊದಲು ಮಣ್ಣು ಬಿದ್ದದ್ದು ನನ್ನ ಗಂಗಾಳಕ್ಕೆ. ಒಂದು ಚಿಟಿಕೆಯಷ್ಟೇ. ರೊಟ್ಟಿ ಮುರಿದು ಬದನೆಕಾಯಿ ಪಲ್ಯಕ್ಕೆ ಒತ್ತುವಷ್ಟರಲ್ಲಿ ಮೇಲಿನಿಂದ ಸಣ್ಣಗೆ ಉದುರಿ ಎಣ್ಣೆಯ ಮೇಲೆ ಕೆಂಪಗೆ ಕೂತಿತು. ಬೆರಳಿನಿಂದ ಸರಿಸಿ ತಿನ್ನಲು ಹೋದೆ. ಎದುರಿಗೆ ಕೂತಿದ್ದ ನನ್ನ ಅತ್ತೆ ನೀಲಗಂಗವ್ವ ಕೈ ಹಿಡಿದು ನಿಲ್ಲಿಸಿ, ತಲೆಯೆತ್ತಿ ಮೇಲೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಗಂಗಾಳವನ್ನು ತಮ್ಮ ಕಡೆ ಎಳೆದುಕೊಂಡು, ತಮ್ಮದನ್ನು ನನ್ನ ಮುಂದೆ ಸರಿಸಿದರು.

"ಉಣ್ಣು," ಅಂದರು. "ಬಸುರಿ ಹೆಂಗಸರಿಗೆ ಮಣ್ಣು ತಿನ್ನೂ ಆಸೆ ಆಗತೈತಿ ಖರೆ. ಆದ್ರ ಇದು ಆ ಮಣ್ಣಲ್ಲ."

ನಗಿಸಲು ಆಡಿದ ಮಾತು ಅದು. ಆದರೆ ಅವರ ಮುಖದಲ್ಲಿ ನಗು ಇರಲಿಲ್ಲ.

ನಾನು ಹೆಂಚಿನ ಮನೆಗಳ ಊರಿನಿಂದ ಬಂದವಳು. ಗೋಡೆ ಎಬ್ಬಿಸಿ ಮೇಲೆ ಮಾಡು ಹೊದಿಸುವ ಮನೆಗಳಷ್ಟೇ ನನಗೆ ಗೊತ್ತಿದ್ದವು. ಈ ಊರಿಗೆ ಸೊಸೆಯಾಗಿ ಬಂದ ದಿನ ಬಂಡಿಯಿಂದ ಇಳಿದಾಗ ಕಂಡದ್ದು ಬರೀ ಒಂದು ದಿನ್ನೆ. ಅದರ ತುಂಬ ಬಲೆ ಹೆಣೆದ ಹಾಗೆ ಕಾಲುದಾರಿಗಳು, ಅಲ್ಲಲ್ಲಿ ನೆಲದಿಂದಲೇ ಏಳುತ್ತಿದ್ದ ಹೊಗೆ. "ಊರೆಲ್ಲಿ?" ಅಂದೆ. ನನ್ನ ಗಂಡ ಬಸಲಿಂಗ, "ಅದರ ಮ್ಯಾಲೇ ನಿಂತೀಯಲ್ಲ," ಎಂದು ನಕ್ಕ. ಮೆಟ್ಟಿಲು ಇಳಿಯುವಾಗ, ಇನ್ನು ಬಿಲದೊಳಗೆ ಬಾಳಬೇಕಲ್ಲ ಶಿವನೇ ಎಂದುಕೊಂಡೆ. ಆದರೆ ಕೆಳಗೆ ಕತ್ತಲಿರಲಿಲ್ಲ. ನಡುಮನೆಗೊಂದು, ಅಡಿಗೆಮನೆಗೊಂದು, ಹೆರಿಗೆಯ ಕೋಣೆಗೊಂದು ಬೆಳಕಿಂಡಿ. ಅವುಗಳಿಂದ ಇಳಿದ ಬಿಸಿಲು ಸುಣ್ಣದ ಗೋಡೆಗೆ ತಾಗಿ, ಅಲ್ಲಿಂದ ಇನ್ನೊಂದು ಗೋಡೆಗೆ ಹಾಯ್ದು, ಮೂಲೆ ಮೂಲೆಗೂ ಹೋಗುತ್ತಿತ್ತು. ಕಂಬ, ಮಲಗುವ ಕಟ್ಟೆ, ದೀಪದ ಗೂಡು, ಕೊಡ ಇಡುವ ಮಾಡ, ಎಲ್ಲವೂ ಒಂದೇ ಮಣ್ಣಿನಲ್ಲಿ ಕೊರೆದದ್ದು. ಕೈ ಆಡಿಸಿದರೆ ಎಲ್ಲಿಯೂ ಒಂದು ಸಂದು ಸಿಗುತ್ತಿರಲಿಲ್ಲ. ಹೊರಗೆ ಬೇಸಿಗೆ ಬೆಂಕಿ ಕಾರುತ್ತಿದ್ದರೂ ಒಳಗೆ ಮಣ್ಣಿನ ಗಡಿಗೆಯ ತಂಪು. ಚಳಿಗಾಲದಲ್ಲಿ ಕೌದಿಯೊಳಗಿನ ಬಿಸಿ. ನಾನು ಬಾಯಿ ಬಿಟ್ಟು ನೋಡುತ್ತ ನಿಂತಾಗ ಅತ್ತೆ ಹೇಳಿದ್ದರು, "ನಿಮ್ಮ ಮಾವ ಇದ್ದಾಗ ಕೊರದದ್ದವಾ. ಮಣ್ಣು ಹೊತ್ತು ಮ್ಯಾಲ ಹಾಕಿದಾಕಿ ನಾನು. ನಮ್ಮಲ್ಲಿ ಮನಿ ಕಟ್ಟೂದಿಲ್ಲ. ಬ್ಯಾಡಾದ ಮಣ್ಣು ತಗದು, ಬೇಕಾದದ್ದು ಉಳಸ್ಕೋತೀವಿ."

ಮನೆಯ ಮೇಲಿನ ನೆಲಕ್ಕೆ ಈ ಊರಲ್ಲಿ ನೆತ್ತಿ ಅನ್ನುತ್ತಾರೆ. ನೆತ್ತಿಯ ಮೇಲೆ ಜನ ಓಡಾಡುತ್ತಿದ್ದರೆ ಮನೆ ಕಲ್ಲಿನಷ್ಟು ಗಟ್ಟಿ. ಓಡಾಟ ನಿಂತರೆ ಮಣ್ಣು ಸಡಿಲಾಗಿ ಉದುರಲು ಶುರುವಾಗುತ್ತದೆ. ಮನೆಯವರ ಕಾಲು ಲೆಕ್ಕಕ್ಕಿಲ್ಲ, ಎಷ್ಟು ಕುಣಿದರೂ ಅಷ್ಟೇ. ದನಕರುಗಳದ್ದೂ ಇಲ್ಲ. ಕೂಲಿ ಕೊಟ್ಟು ಕರೆಸಿದವರ ಹೆಜ್ಜೆ, 'ನಮ್ಮ ನೆತ್ತಿ ಮೇಲೆ ಒಂಚೂರು ಬಂದು ಹೋಗಪ್ಪ' ಎಂದು ಬೇಡಿ ಕರೆದವರ ಹೆಜ್ಜೆ, ಅವೂ ಮಣ್ಣಿಗೆ ಹತ್ತುವುದಿಲ್ಲ. ಹೊರಗಿನವರು ತಾವಾಗಿಯೇ ಬಂದು ನಡೆಯಬೇಕು.

ಹೀಗಾಗಿ ಈ ಊರಿನವರು ಕರೆಯದೆ ಕರೆಯುವುದನ್ನು ಚೆನ್ನಾಗಿ ಕಲಿತಿದ್ದರು. ಒಬ್ಬರು ನೆತ್ತಿಯ ಮೇಲೆ ಬೇವಿನ ಮರ ಬೆಳೆಸಿ ಕೆಳಗೆ ಕಲ್ಲುಬೆಂಚು ಹಾಕಿದ್ದರೆ ಇನ್ನೊಬ್ಬರು ಕುಡಿಯುವ ನೀರಿನ ಹರವಿ ಇಟ್ಟಿದ್ದರು. ಚೌಕಾಬಾರ ಆಟದ ಮನೆ ಕೆತ್ತಿದ ಒಂದು ಹಾಸುಗಲ್ಲಿನಿಂದ ಒಬ್ಬ ಮುದುಕನ ಮನೆ ವರ್ಷಗಟ್ಟಲೆ ನಿಂತಿತ್ತು. ಹೆಣ್ಣು ಕೊಡುವವರು ಹೊಲ ಎಷ್ಟು, ದನ ಎಷ್ಟು ಎಂದು ಕೇಳುವ ಮೊದಲು "ನೆತ್ತಿ ಮ್ಯಾಲ ಮಂದಿ ಹೆಂಗ?" ಎಂದು ಕೇಳುತ್ತಿದ್ದರು. ಬಯ್ಯುವಾಗಲೂ ಅಷ್ಟೇ. "ನಿನ್ನ ನೆತ್ತಿ ಮ್ಯಾಲ ಹುಲ್ಲು ಬೆಳೀಲಿ" ಎಂದರೆ ಅದಕ್ಕಿಂತ ಕೆಟ್ಟ ಬೈಗುಳ ಇರಲಿಲ್ಲ.

ಹೊಸ ಸೊಸೆ ಬಂದ ದಿನ ಊರಿನ ಎಲ್ಲ ನೆತ್ತಿಗಳ ಮೇಲೂ ನಡೆದು ಬರಬೇಕು. ನಾನೂ ನಡೆದೆ. ಪ್ರತಿ ಮನೆಯ ಮೆಟ್ಟಿಲ ಬಾಯಲ್ಲಿ ಹೆಂಗಸರು ನಿಂತು ಬಾಯಿಗೆ ಬೆಲ್ಲ ಹಾಕಿದರು. ಒಂದು ಮನೆಯ ಅಂಚಿಗೆ ಮಾತ್ರ ಜಾಲಿಮುಳ್ಳು ಅಡ್ಡ ಇಟ್ಟಿತ್ತು. ಅದರ ಆಚೆ ಎತ್ತರದ ಹೆಂಗಸೊಬ್ಬಳು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

"ನಿನ್ನ ಕಾಲು ನನ್ನ ನೆತ್ತಿಗೆ ಬ್ಯಾಡವಾ," ಅಂದಳು. "ದಾರಿ ಅತ್ತಾಗೈತಿ, ಹೋಗು."

ಆಕೆಯೇ ಫಕೀರವ್ವ. ಆಕೆ ಮತ್ತು ನನ್ನ ಅತ್ತೆ ಒಂದೇ ವರ್ಷ ಈ ಊರಿಗೆ ಸೊಸೆಯಂದಿರಾಗಿ ಬಂದವರು. ಒಟ್ಟಿಗೆ ನೀರಿಗೆ ಹೋದವರು, ಒಬ್ಬರ ಕೂಸನ್ನು ಇನ್ನೊಬ್ಬರು ತೂಗಿದವರು. ಫಕೀರವ್ವನ ಮಗಳು ಕಸ್ತೂರಿಗೂ ಬಸಲಿಂಗನಿಗೂ ಮದುವೆ ಎಂದು ಇಬ್ಬರ ನಡುವೆ ಮಾತಾಗಿತ್ತು. ಬಸಲಿಂಗ ಮನೆ ಕೊರೆಯುವವನು. ಕಾಳು ತುಂಬುವ ಹಗೇವು ತೋಡಲು ನಮ್ಮ ಊರಿಗೆ ಬಂದು, ನನ್ನನ್ನು ನೋಡಿ, ಮಾಡಿಕೊಂಡರೆ ಇವಳನ್ನೇ ಎಂದು ಹಟ ಹಿಡಿದ. ಅತ್ತೆ ಮಗನ ಪರ ನಿಂತರು. ಕಸ್ತೂರಿಗೆ ಮುಂದೆ ಒಳ್ಳೆಯ ಮನೆಯೇ ಸಿಕ್ಕಿತು, ಸುಖವಾಗಿಯೂ ಇದ್ದಳು. ಆದರೆ ಫಕೀರವ್ವ ನಮ್ಮ ಕಡೆ ತಿರುಗಿ ನೋಡಲಿಲ್ಲ. ನಮ್ಮ ನೆತ್ತಿ ದಾಟಬೇಕಾದಾಗಲೂ ಸುತ್ತು ಹಾಕಿಕೊಂಡು ಹೋಗುತ್ತಿದ್ದಳು. ನಮಗೆ ಅದರಿಂದ ತೊಂದರೆ ಏನೂ ಆಗಲಿಲ್ಲ. ಊರಿನ ಬಾವಿಗೆ ಹೋಗುವ ಹಾದಿಯೇ ನಮ್ಮ ಮನೆಯ ಮೇಲಿತ್ತು. ಬೆಳಗಾದರೆ ಸಾಕು, ತಲೆಯ ಮೇಲೆ ಕೊಡ ಹೊತ್ತವರ ಕಾಲು ಧಪ್ ಧಪ್ ಎಂದು ಕೇಳುತ್ತಿತ್ತು.

ನಾನು ಬಸುರಿಯಾದ ವರ್ಷ ಊರಿನವರೆಲ್ಲ ಸೇರಿ ಮೂಡಣ ಮಗ್ಗುಲಲ್ಲಿ ಹೊಸ ಬಾವಿ ತೋಡಿದರು. ಬಸಲಿಂಗನೂ ತೋಡಿದ. ನೀರು ಬೇಗ ಸಿಕ್ಕಿತು, ಸಿಹಿಯಾಗಿತ್ತು, ಬೇಳೆ ನೊರೆ ಬಂದು ಬೇಯುತ್ತಿತ್ತು. ಜನ ಅತ್ತ ಹೊರಳಿದರು. ಯಾರ ಮೇಲೆ ಸಿಟ್ಟಾಗುವುದು? ಅತ್ತೆ ಮೊದಲ ಕೆಲವು ದಿನ ಹಟಕ್ಕೆ ಬಿದ್ದು ಹಳೆಯ ಬಾವಿಯ ನೀರನ್ನೇ ತರಿಸಿದರು. ಆಮೇಲೆ ಅವರೂ ಕೊಡ ಎತ್ತಿಕೊಂಡು ಮೂಡಣಕ್ಕೇ ಹೋದರು. ಮೇಲಿನ ಸದ್ದು ತೆಳ್ಳಗಾಗುತ್ತ ಆಗುತ್ತ ನಿಂತುಹೋಯಿತು. ಆಗಲೇ ನನ್ನ ಗಂಗಾಳಕ್ಕೆ ಮಣ್ಣು ಬಿದ್ದದ್ದು.

ಮರುವಾರಕ್ಕೆ ಹಾಸಿಗೆಯ ಮೇಲೂ ಬಿತ್ತು. ಹಿಟ್ಟಿನ ಡಬ್ಬಿಗೆ ಬಟ್ಟೆ ಕಟ್ಟಿದೆವು, ಗಡಿಗೆಗಳಿಗೆಲ್ಲ ಮುಚ್ಚಳ ಹಾಕಿದೆವು. ಅಡಿಗೆಮನೆಯ ಮೂಲೆಯಲ್ಲಿ ಅಂಗೈ ಅಗಲದ ಹೆಂಟೆಯೊಂದು ಕಳಚಿ ಒಲೆಯ ಮುಂದೆ ಬಿದ್ದ ದಿನ ಬಸಲಿಂಗ ಜಾಲಿಯ ತೊಲೆ ತಂದು ಮೇಲಿನ ಮಣ್ಣಿಗೆ ಆನಿಸಿ ಊರೆ ಕೊಟ್ಟ.

"ಅವ್ವಾ, ಇದು ನಿಲ್ಲೂದಿಲ್ಲ," ಅಂದ. "ಮಳಿ ಬಂತಂದ್ರ ನೀರು ಇಳದು ಒಮ್ಮೆಗೇ ಕೂಡತೈತಿ. ಮೂಡಣಕ್ಕ ಹೊಸಾ ಮನಿ ತಗೀತೀನಿ."

"ಹಸಿ ಮಣ್ಣಿನ ಕೋಣ್ಯಾಗ ಬಾಣಂತೀನ ಮಲಗಸ್ತೀಯೇನು?" ಅತ್ತೆ ಕೇಳಿದರು. "ಕೊರದ ಗ್ವಾಡಿ ಒಣಗಾಕ ಒಂದು ಪೂರಾ ಬ್ಯಾಸಗಿ ಬೇಕು. ಈಕಿ ಹೊಟ್ಟಿ ನೋಡು. ಮಳಿಗಾಲದಾಗ ಹೆರೂ ಹೊಟ್ಟಿ ಅದು."

ಬಸಲಿಂಗ ಇನ್ನೊಂದು ತೊಲೆ ತರಲು ಎದ್ದ. ಮನೆ ಕೊರೆಯುವವನಿಗೆ ತನ್ನ ಅವ್ವನ ಮಾತು ಸರಿ ಎಂದು ಗೊತ್ತಿತ್ತು.

ಅತ್ತೆ ಕರೆಯದೆ ಕರೆಯುವ ಎಲ್ಲ ದಾರಿಗಳನ್ನೂ ನೋಡಿದರು. ನೆತ್ತಿಯ ಮೇಲೆ ನೀರಿನ ಹರವಿ ಇಟ್ಟರು. ಸಿಹಿನೀರಿನ ಬಾವಿ ಇರುವಾಗ ಅದು ಯಾರಿಗೆ ಬೇಕು? ಚೆಂಡುಹೂವಿನ ಸಸಿ ನೆಟ್ಟರೆ ಮೇಕೆ ತಿಂದವು. ಕೊನೆಗೆ ದಿನಾ ಸಂಜೆ ಬೆಳಕಿಂಡಿಯ ಕೆಳಗೆ ಒಲೆ ಹೂಡಿ ಶೇಂಗಾ ಹುರಿಯತೊಡಗಿದರು, ವಾಸನೆಗಾದರೂ ಯಾರಾದರೂ ಬರಲಿ ಎಂದು. ಹೊಲದಿಂದ ಬರುವವರು ದೂರದಲ್ಲೇ ಮೂಗೆತ್ತಿ, "ನೀಲಗಂಗವ್ವ ಶೇಂಗಾ ಹುರದಾಳ" ಎಂದು ಮೆಚ್ಚಿಕೊಂಡು ತಮ್ಮ ದಾರಿ ಹಿಡಿದು ಹೋಗುತ್ತಿದ್ದರು. ನಾವು ಶೇಂಗಾ ತಿಂದು ತಿಂದು ಸಾಕಾದೆವು. ಬಾಯಿ ಬಿಟ್ಟು ಒಂದು ಮಾತು ಕೇಳುವ ಹಾಗಿರಲಿಲ್ಲ, ಕೇಳಿದರೂ ಫಲವಿರಲಿಲ್ಲ. ಅತ್ತೆ ಊಟ ಕಡಿಮೆ ಮಾಡಿದರು. ಹಗಲು ಹೊತ್ತಿನಲ್ಲೇ ಗೋಡೆಗೆ ಮುಖ ಮಾಡಿ ಮಲಗತೊಡಗಿದರು. ನನ್ನ ಅತ್ತೆಯನ್ನು ಹಾಗೆ ನೋಡಿದ್ದು ಅದೇ ಮೊದಲು. ನಾನು ಈ ಮನೆಗೆ ಬಂದಿರದಿದ್ದರೆ ಇವರಿಗೆ ಗೆಳತಿಯಾದರೂ ಇರುತ್ತಿದ್ದಳಲ್ಲ ಅನ್ನಿಸುತ್ತಿತ್ತು.

ಒಂದು ಸಂಜೆ ಶೇಂಗಾ ಇನ್ನೂ ಬಾಣಲೆಯಲ್ಲಿರುವಾಗ ಮೇಲೆ ಧಪ್ ಧಪ್ ಎಂದು ಸದ್ದಾಯಿತು. ನಾವಿಬ್ಬರೂ ತಲೆಯೆತ್ತಿದೆವು. ಬೆಳಕಿಂಡಿಗೆ ಅಡ್ಡವಾಗಿ ಒಂದು ತಲೆ ಬಂತು.

"ಏ ನೀಲೀ! ಏನ ಸುಡಾಕತ್ತೀ ಒಳಗ? ನನ್ನ ಮನೀ ತುಂಬ ಹೊಗಿ!"

ಫಕೀರವ್ವನ ದನಿ. ನಾಲ್ಕು ಮನೆ ಆಚೆ ಇರುವ ಆಕೆಯ ಮನೆಗೆ ನಮ್ಮ ಹೊಗೆ ಹೋಗಲು ಗಾಳಿಯೂ ಅತ್ತ ಬೀಸುತ್ತಿರಲಿಲ್ಲ.

ಅತ್ತೆ ಶೇಂಗಾ ತಿರುವುವ ಹುಟ್ಟು ಹಿಡಿದುಕೊಂಡೇ ಎದ್ದು ನಿಂತರು. "ಶೇಂಗಾ ಹುರದ್ರ ನಿನಗೇನಾತ? ಅಷ್ಟು ದೂರ ಬರಾಕ ನನ್ನ ಹೊಗೀಗೇನು ಕಾಲದಾವೇನು?"

"ಹುರಿಯೂದೇನ ಅದು? ಹೊತ್ತಸೂದು! ಶೇಂಗಾ ಹೆಂಗ ಹುರೀಬೇಕಂತ ನಮ್ಮವ್ವ ಕಲಿಸಿದ್ಲು ನಿನಗ, ಮರತೀ!"

"ನಿಮ್ಮವ್ವ ಕಲಿಸಿದ್ದು ನಿನಗ ಮೊದಲ ಬಂದಿರಬೇಕಲ್ಲ! ನೀ ಹುರದ ಶೇಂಗಾ ಎಮ್ಮೀನೂ ಮೂಸಿರಲಿಲ್ಲ!"

ಅಲ್ಲಿಂದ ಶುರುವಾದದ್ದು ಹೊತ್ತು ಮುಳುಗುವವರೆಗೂ ನಡೆಯಿತು. ಫಕೀರವ್ವ ಹೋದ ಮೇಲೆ ಅತ್ತೆಯ ಮುಖ ಕೆಂಪೇರಿತ್ತು, ಎದೆ ಏರಿಳಿಯುತ್ತಿತ್ತು. "ಬಿದ್ದವರನ್ನ ತುಳಿಯಾಕ ಬಂದಾಳ," ಅಂದರು. ಆದರೆ ಆ ರಾತ್ರಿ ಅವರು ಮತ್ತೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು. ನನಗೆ ಫಕೀರವ್ವನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ, ನನ್ನ ಹೊಟ್ಟೆ ಅಷ್ಟು ದೊಡ್ಡದಿರದಿದ್ದರೆ ನಾನೇ ಮೆಟ್ಟಿಲು ಹತ್ತಿ ಹೋಗಿ ಆಕೆಯ ಬಾಯಿ ಮುಚ್ಚಿಸುತ್ತಿದ್ದೆ.

ಮರುದಿನ ಸಂಜೆ ಆಕೆ ಮತ್ತೆ ಬಂದಳು. ಈ ಸಲ ತಾಮ್ರದ ಕೊಡದ ಮಾತು. ಯಾವುದೋ ಕಾಲದಲ್ಲಿ ಅತ್ತೆ ಕಡ ಒಯ್ದು ನೆಗ್ಗಿಸಿ ಕೊಟ್ಟಿದ್ದರಂತೆ. ಅದರ ಮರುದಿನ, ಯಾರದೋ ಮದುವೆಯಲ್ಲಿ ಅತ್ತೆ ಬೀಗರ ಹಾಡನ್ನು ತಪ್ಪು ಹಾಡಿ ಫಕೀರವ್ವನ ಮಾನ ಕಳೆದದ್ದು. ಇಬ್ಬರಿಗೂ ಹಳೆಯದು ಎಷ್ಟು ನೆನಪಿತ್ತೋ! ಒಂದೊಂದು ಬೈಗುಳದ ಬಾಲ ಹಿಡಿದು ಒಂದೊಂದು ಕಥೆ ಹೊರಬರುತ್ತಿತ್ತು. ಇಬ್ಬರೂ ಎಳೆಯ ಸೊಸೆಯಂದಿರಾಗಿದ್ದಾಗ ಹಸಿ ಹುಣಸೆಕಾಯಿ ಕದ್ದು ಸಿಕ್ಕಿಬಿದ್ದದ್ದು, ಓಡುವಾಗ ಯಾರು ಯಾರನ್ನು ಬಿಟ್ಟು ಓಡಿದ್ದರು ಎಂಬುದು.

"ನೀನೇ ಬಿಟ್ಟು ಓಡಿದ್ದು!" ಮೇಲಿನಿಂದ ಫಕೀರವ್ವ.

"ನಿನ್ನ ಸೀರಿ ಬೇಲಿಗೆ ಸಿಕ್ಕಿತ್ತು, ಬಿಡಸ್ಕೋ ಅಂತ ಮುಂದ ಹೋಗಿ ಒದರಿದ್ನಲ್ಲ!"

"ಒದರಿದ್ದಕ್ಕೇ ತ್ವಾಟದ ಮಾಲಕ ಬಂದ!"

ಇಂಥ ಜಗಳವನ್ನು ಕೇಳದೆ ಯಾರು ಬಿಟ್ಟಾರು? ಮೊದಲು ಹೆಂಗಸರು ಬಂದರು. ಆಮೇಲೆ ಹೊಲದಿಂದ ಮರಳುವ ಗಂಡಸರು. ನಮ್ಮ ನೆತ್ತಿಯ ಮೇಲೆ ಜನ ಕುಕ್ಕರಗಾಲಲ್ಲಿ ಕೂತು, ಎದ್ದು, ಜಾಗ ಬದಲಿಸಿ, ಒಳ್ಳೆಯ ಮಾತು ಬಂದಾಗ ತೊಡೆ ತಟ್ಟಿ ನಗುತ್ತಿದ್ದರು. ಬಳೆ ಮಾರುವವನೊಬ್ಬ ಇಲ್ಲಿ ವ್ಯಾಪಾರ ಆಗುತ್ತದೆ ಎಂದು ಗಂಟು ಇಳಿಸಿದ. ಅತ್ತೆ ಈಗ ಮಧ್ಯಾಹ್ನಕ್ಕೇ ಎದ್ದು ಮುಖ ತೊಳೆದು, ಎಲೆ ಅಡಿಕೆ ಹಾಕಿಕೊಂಡು, ಬೆಳಕಿಂಡಿಯ ಕೆಳಗೆ ಮಣೆ ಹಾಕಿ ಕೂರುತ್ತಿದ್ದರು. ಫಕೀರವ್ವ ಬರುವುದು ತುಸು ತಡವಾದರೆ "ಎಲ್ಲಿ ಸತ್ಲೋ" ಎಂದು ಚಡಪಡಿಸುತ್ತಿದ್ದರು.

ಒಂದು ದಿನ ಬಸಲಿಂಗ ಊರೆಗಳನ್ನು ತಟ್ಟಿ ನೋಡಿ, ನೆಲದ ಮೇಲೆ ಕೈ ಆಡಿಸಿ ತೋರಿಸಿದ. ಕೈ ಸ್ವಚ್ಛವಾಗಿತ್ತು.

"ಮಣ್ಣು ನಿಂತೈತಿ," ಅಂದ, ಜೋರಾಗಿ ಹೇಳಿದರೆ ಮತ್ತೆ ಉದುರೀತೇನೋ ಎಂಬಂತೆ.

"ಆ ಜಗಳಗಂಟಿಗೆ ಇದು ಗೊತ್ತಾದ್ರ ಹೊಟ್ಟಿ ಉರಕೊಂಡು ಸಾಯತಾಳ," ಎಂದು ಅತ್ತೆ ನಕ್ಕರು. ನಾನೂ ನಕ್ಕೆ. ಕೇಡು ಮಾಡಲು ಬಂದವಳು ತನಗೆ ಗೊತ್ತಿಲ್ಲದೆ ಉಪಕಾರ ಮಾಡುತ್ತಿದ್ದಾಳೆ ಎಂದು ನಾವು ಮೂವರೂ ಬಹಳ ಖುಷಿಪಟ್ಟೆವು.

ಮುಂಗಾರಿನ ಮೋಡ ಕಟ್ಟಿತು. ಬಿತ್ತನೆಯ ಕಾಲ ಬಂತು. ಜಗಳ ಕೇಳಲು ಯಾರಿಗೂ ಪುರಸೊತ್ತಿಲ್ಲದಾಯಿತು. ಬಳೆಗಾರ ಗಂಟು ಕಟ್ಟಿದ. ಫಕೀರವ್ವನ ಮನೆಯವರೂ ಹೊಲಕ್ಕೆ ಹೋದರು, ಆಕೆ ಮಾತ್ರ ತಪ್ಪದೆ ಬರುತ್ತಿದ್ದಳು. ಬಿಸಿಲಲ್ಲಿ ದಿನಾ ಕೂಗಿ ಕೂಗಿ ದನಿ ಒಡೆದಿತ್ತು. ಒಂದು ದಿನ ಬಂದವಳ ಗಂಟಲಿನಿಂದ ಮಾತೇ ಹೊರಡಲಿಲ್ಲ. ಬರೀ ಗಾಳಿ. ನಾನು ಹೆರಿಗೆಯ ಕೋಣೆಯಲ್ಲಿ ಕಾಲು ಚಾಚಿ ಕೂತಿದ್ದೆ. ಇವತ್ತು ಹೋಗಿಬಿಡುತ್ತಾಳೆ ಎಂದುಕೊಂಡು ಬೆಳಕಿಂಡಿಯಲ್ಲಿ ನೋಡಿದೆ.

ಆಕೆ ಹೋಗಿರಲಿಲ್ಲ. ಆಕೆಯ ಕಾಲುಗಳು ಕಂಡವು. ಜಗಳಕ್ಕೆ ಬಂದವರು ಒಂದು ಕಡೆ ನಿಲ್ಲುತ್ತಾರೆ. ಈ ಕಾಲುಗಳು ನಿಂತಿರಲಿಲ್ಲ. ಮೆಲ್ಲಗೆ, ಹಿಮ್ಮಡಿಯ ಪಕ್ಕಕ್ಕೆ ಹಿಮ್ಮಡಿ ಊರುತ್ತ, ಗೋಡೆಗೆ ಮಣ್ಣು ತುಳಿದು ಹದ ಮಾಡುವ ಹಾಗೆ, ನೆತ್ತಿಯ ಈ ಅಂಚಿನಿಂದ ಆ ಅಂಚಿಗೆ ಹೋಗುತ್ತಿದ್ದವು. ಅಡಿಗೆಮನೆಯ ಮೂಲೆಯ ಮೇಲೆ, ಹೆಂಟೆ ಕಳಚಿ ಬಿದ್ದಿದ್ದ ಜಾಗದಲ್ಲಿ, ತುಳಿಯುವ ಸದ್ದು ಹೆಚ್ಚು ಹೊತ್ತು ಕೇಳಿತು. ನನ್ನ ತಲೆಯ ಮೇಲೆ ಬಂದಾಗ ಇನ್ನೂ ಹೆಚ್ಚು ಹೊತ್ತು. ಆಕೆಗೆ ಮೊಣಕಾಲು ನೋವಿತ್ತು. ಪ್ರತಿ ಸಲ ಬಲಗಾಲು ಊರುವಾಗ ಮೈ ಒಂದಿಷ್ಟು ವಾಲುತ್ತಿತ್ತು.

"ಅತ್ತೀ," ಎಂದು ಕರೆದೆ. ಅತ್ತೆ ಬಂದು ನನ್ನ ಪಕ್ಕದಲ್ಲಿ ನಿಂತು ಮೇಲೆ ನೋಡಿದರು. ನೋಡುತ್ತ ನೋಡುತ್ತ ಅವರ ಕೈ ನನ್ನ ಹೆಗಲನ್ನು ಹುಡುಕಿ ಹಿಡಿದುಕೊಂಡಿತು. ನಾನು ಬಾಯಿ ತೆರೆದೆ, ಏನು ಹೇಳುತ್ತಿದ್ದೆನೋ ತಿಳಿಯದು. ಅತ್ತೆ ತಟ್ಟನೆ ನನ್ನ ಬಾಯಿ ಮುಚ್ಚಿದರು.

"ಒಂದು ಮಾತು ಆಡೀಯ, ಜೋಕಿ," ಎಂದು ಪಿಸುಗುಟ್ಟಿದರು. "ನಿನ್ನಿಂದ ಉಪಕಾರ ಆತು ಅಂತ ನಮ್ಮ ಬಾಯಿಂದ ಬಿತ್ತಂದ್ರ ಅದು ಬೇಡಿಕೊಂಡಂಗ. ಆಮ್ಯಾಲ ಆಕಿ ಹೆಜ್ಜಿ ಮಣ್ಣಿಗೆ ಹತ್ತೂದಿಲ್ಲ. ಆಕಿಗೂ ಅದು ಗೊತ್ತು. ಅದಕ್ಕs ಬೈಕೋತ ಬಂದಾಳ."

ಸೆರಗಿನಿಂದ ಕಣ್ಣೊರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಬೆಳಕಿಂಡಿಯ ಕೆಳಗೆ ಹೋಗಿ ನಿಂತರು. ಅವರು ಕೂಗಿದ್ದು ಇಡೀ ದಿನ್ನೆಗೆ ಕೇಳಿಸಿರಬೇಕು.

"ಏನಾತ ನಿನ್ನ ಬಾಯಿಗೆ? ಬಿದ್ದು ಹೋತೇನು? ದನಿ ಇಲ್ಲದಾಕಿ ಜಗಳಕ್ಕ ಯಾಕ ಬರಬೇಕು? ಮನ್ಯಾಗ ಶುಂಠಿ ಕಷಾಯ ಕುಡದು ಬಿದ್ದಿರಬೇಕು! ಮೆಣಸು ಹಾಕಿ ಕುಡೀಬೇಕು, ಬಿಸಿ ಇದ್ದಾಗs ಕುಡೀಬೇಕು, ಅಷ್ಟೂ ತಿಳಿಯೂದಿಲ್ಲ ನಿನಗ! ಮೊಣಕಾಲಿಗೆ ಎಣ್ಣಿ ಹಚ್ಚಾಕ ಮನ್ಯಾಗ ಯಾರೂ ಇಲ್ಲೇನು? ಹಚ್ಚಿಕೊಂಡು ಸಾಯಿ!"

ಮೇಲಿನ ಕಾಲುಗಳು ಒಂದು ಗಳಿಗೆ ನಿಂತವು. ಮತ್ತೆ ತುಳಿಯತೊಡಗಿದವು.

ಮರುದಿನ ಫಕೀರವ್ವನಿಗೆ ಅರ್ಧ ದನಿ ಮರಳಿತ್ತು. ಬಂದವಳೇ ಬೆಳಕಿಂಡಿಗೆ ಬಾಯಿಟ್ಟು, "ಮೆಣಸು ಹಾಕು ಅಂದ್ಯಲ್ಲ, ಗಂಟ್ಲಾ ಸುಟ್ಟು ಹೋತು, ನಿನ್ನ ಮಾತು ಕೇಳಿದ್ದಕ್ಕ!" ಅಂದಳು. ಅತ್ತೆ ಒಲೆಯ ಮುಂದೆ ಕೂತು ಮುಖ ಮುಚ್ಚಿಕೊಂಡು ಸದ್ದಿಲ್ಲದೆ ನಕ್ಕರು. ಅವತ್ತಿನಿಂದ ಅವರ ಬೈಗುಳ ಇನ್ನೂ ಜೋರಾಯಿತು. ನಾನು ಕೌದಿ ಹೊಲಿಯುತ್ತ ಕೇಳುತ್ತಿದ್ದೆ. ಇಷ್ಟು ಪ್ರೀತಿಯನ್ನು ಇಷ್ಟು ಕೆಟ್ಟ ಮಾತುಗಳಲ್ಲಿ ಇಡಬಹುದೆಂದು ನನಗೆ ಮೊದಲು ಗೊತ್ತಿರಲಿಲ್ಲ.

ನನಗೆ ನೋವು ಶುರುವಾದ ದಿನ ಬೆಳಗಿನಿಂದಲೇ ಮಳೆ. ಸೂಲಗಿತ್ತಿ ಇಮಾಂಬಿಯನ್ನು ಬಸಲಿಂಗ ಕರೆತಂದ. ಬೆಳಕಿಂಡಿಗಳ ಮೇಲೆ ಚಪ್ಪಡಿ ಎಳೆದಿದ್ದರೂ ಸಂದಿನಿಂದ ನೀರಿನ ಸದ್ದು ಒಳಗೆ ಬರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅಡಿಗೆಮನೆಯ ಮೂಲೆಯಲ್ಲಿ ಒದ್ದೆಯ ಗುರುತು ಮೂಡಿತು. ಬಸಲಿಂಗ ಊರೆಗೆ ಬೆನ್ನು ಕೊಟ್ಟು ನಿಂತ. ಅತ್ತೆ ನನ್ನ ಬೆನ್ನು ನೀವುತ್ತ ಮೇಲೆ ನೋಡುವುದು, ಬಾಗಿಲ ಕಡೆ ನೋಡುವುದು ಮಾಡುತ್ತಿದ್ದರು. ಇಂಥ ಮಳೆಯಲ್ಲಿ ಯಾರು ಬಂದಾರು?

"ಏ ನೀಲೀ!"

ಮಳೆಗೆ ಹೊದ್ದ ಗೊಂಗಡಿಯ ಕೊಪ್ಪೆಯೊಳಗಿನಿಂದ ಕೂಗಿದ ದನಿ. ಅತ್ತೆಯ ಕೈ ನನ್ನ ಬೆನ್ನ ಮೇಲೆ ನಿಂತಿತು.

"ನೀರು ಕಾಸೀಯೋ ಇಲ್ಲೋ? ಮಳಿ ಬಂದೈತಿ, ಒಲೀ ಉರಿಯೂದಿಲ್ಲ ಅಂತ ಕೈ ಕಟ್ಟಿ ಕುಂತೀಯೇನು? ಒಣಗಿದ ಕುಳ್ಳು ಒಳಗ ಇಟ್ಟಿದ್ದಿಯೋ, ಅದನ್ನೂ ತೊಯ್ಸೀಯೋ?"

ಅತ್ತೆಗೆ ಉತ್ತರ ಕೊಡಲು ಬಿಡುವಿರಲಿಲ್ಲ. ಆದರೂ ಮೇಲಿನ ಮಾತು ನಿಲ್ಲಲಿಲ್ಲ. ಮಳೆ ಜೋರಾದಂತೆ ಅದೂ ಜೋರಾಯಿತು. ಹೆಜ್ಜೆಗಳು ಕೋಣೆಯಿಂದ ಕೋಣೆಗೆ ಹೋಗಿ ಬರುತ್ತಿದ್ದವು. ಕೆಸರಿನಲ್ಲಿ ಪಚಕ್ ಪಚಕ್ ಎನ್ನುವ ಸದ್ದು. "ಆ ಹುಡಿಗೀಗೆ ಉಸಿರು ಹಿಡೀಬ್ಯಾಡ ಅಂತ ಹೇಳು! ಹಲ್ಲು ಕಚ್ಚಿದ್ರ ಕೂಸು ಬರತೈತೇನು? ಬಾಯಿ ಬಿಟ್ಟು ಒದರಂತ ಹೇಳು! ಮಾತಾಡಾಕ ಬರೂದಿಲ್ಲಾಂದ್ರ ಒದರಾಕರ ಬರತೈತಲ್ಲ!"

ನಾನು ಒದರಿದೆ. ಆಕೆಗೆ ಕೇಳಿಸುವ ಹಾಗೆಯೇ ಒದರಿದೆ.

"ಹಾಂ, ಹಂಗ!" ಅಂತು ಮೇಲಿನ ದನಿ. "ಈಗ ತಿಳೀತು ನೋಡು ಬುದ್ಧಿ. ಇನ್ನೊಮ್ಮೆ!"

ಅಡಿಗೆಮನೆಯ ಮೂಲೆಯ ಒದ್ದೆ ಅಂಗೈ ಅಗಲದಿಂದ ಮುಂದೆ ಹೋಗಲಿಲ್ಲ. ಬಸಲಿಂಗ ಕೂಗಿ ಹೇಳುತ್ತಲೇ ಇದ್ದ, "ಹಿಡದೈತಿ, ಅವ್ವಾ, ಮಣ್ಣು ಹಿಡದೈತಿ." ಹೊತ್ತು ಇಳಿಯುವ ಮೊದಲು ಇಮಾಂಬಿ ನನ್ನ ಮಗಳನ್ನು ಎತ್ತಿ ಹಿಡಿದಳು. ಕೂಸು ಅತ್ತಿತು. ಅದು ಅತ್ತ ಕೂಡಲೇ ಮೇಲಿನ ದನಿ ನಿಂತಿತು, ಹೆಜ್ಜೆಯೂ ನಿಂತಿತು. ಮಳೆಯ ಸದ್ದೊಂದೇ ಉಳಿಯಿತು.

ಅತ್ತೆ ಓಡಿ ಹೋಗಿ ಚಪ್ಪಡಿಯ ಸಂದಿಗೆ ಮುಖವೆತ್ತಿದರು.

"ಹೆಣ್ಣು!" ಎಂದು ಕೂಗಿದರು.

ಮಣೆ ಎಳೆದು ಅದರ ಮೇಲೆ ಹತ್ತಿ ನಿಂತರು.

"ಕೇಳಸ್ತೇನು? ಹೆಣ್ಣು! ಇಬ್ಬರೂ ಚೊಲೋ ಅದಾರ!" ಅತ್ತೆ ಇನ್ನೂ ಗಟ್ಟಿಯಾಗಿ ಕೂಗಿದರು. "ಎಷ್ಟು ದಿನ ಮ್ಯಾಲ ನಿಂತು ಒದರ್ತೀ? ತಾಕತ್ತಿದ್ರ ಕೆಳಗ ಬಂದು ಮಾರಿಗೆ ಮಾರಿ ಕೊಟ್ಟು ಒದರು, ನೋಡೂಣು!"

"ಕೆಳಗ ಬಾ ಅಂದ್ರ!" ಫಕೀರವ್ವ ರೇಗಿದಳು. ದನಿ ಒದ್ದೆಯಾಗಿತ್ತು, ಮಳೆಗೋ ಮತ್ತೆ ಯಾತಕ್ಕೋ. "ನಾ ಕೆಳಗ ಇಳದ್ರ ಮ್ಯಾಲ ಯಾರು ತುಳಿಯಾವ್ರು? ನಿಮ್ಮಪ್ಪ ತುಳೀತಾನೇನು?"

ಮಾತು ಬಾಯಿಂದ ಹೊರಬಿದ್ದಿತ್ತು. ಅದನ್ನು ಹಿಂದೆ ತೆಗೆದುಕೊಳ್ಳಲು ಆಗುವಂತಿರಲಿಲ್ಲ. ಅತ್ತೆ ತಮ್ಮ ಬಾಯಿಯನ್ನು ತಾವೇ ಕೈಯಿಂದ ಮುಚ್ಚಿಕೊಂಡರು, ಏನಾದರೂ ಆಡಿಬಿಟ್ಟೇನು ಎಂಬ ಹೆದರಿಕೆಗೆ.

ಆಗ ಮೇಲೆ ಬೇರೊಂದು ದನಿ ಕೇಳಿತು. "ನಾವದೀವಿ. ನೀ ಇಳಿ, ಫಕೀರವ್ವ."

ಬಸಲಿಂಗ ಮೆಟ್ಟಿಲ ಬಾಯಿಗೆ ಓಡಿದ. ಹೊಲದಿಂದ ಮಳೆಗೆ ಓಡಿಬಂದಿದ್ದ ಹೆಂಗಸರು, ಹೊಸ ಬಾವಿಯ ಕಡೆಯಿಂದ ಬಂದವರು, ತಲೆಯ ಮೇಲೆ ಗೋಣಿಕೊಪ್ಪೆ ಹಾಕಿಕೊಂಡು ನಮ್ಮ ನೆತ್ತಿಯ ಮೇಲೆ ನಿಂತಿದ್ದರಂತೆ. ಫಕೀರವ್ವ ಬಿಸಿನೀರಿಗೂ ಉಸಿರಿಗೂ ಕೂಗಿದ್ದು ದಿನ್ನೆಗೆಲ್ಲ ಕೇಳಿಸಿ, ಕೂಸು ಯಾವುದಾಯಿತು ಎಂದು ತಿಳಿಯಲು ಒಬ್ಬೊಬ್ಬರಾಗಿ ಬಂದು ಸೇರಿದ್ದರಂತೆ. ಯಾರೂ ಅವರನ್ನು ಕರೆದಿರಲಿಲ್ಲ. ಎಷ್ಟೋ ಹೊತ್ತಿನಿಂದ ಅವರೂ ಫಕೀರವ್ವನ ಹಿಂದೆ ಹಿಂದೆ ತುಳಿಯುತ್ತಿದ್ದರಂತೆ. ಒಬ್ಬಳ ಹೆಜ್ಜೆಯಿಂದ ಅಷ್ಟು ಮಳೆಗೆ ಮನೆ ತಡೆದೀತೇ ಎಂದು ನಮಗೆ ಹೊಳೆದಿರಲೇ ಇಲ್ಲ. ಫಕೀರವ್ವನಿಗೂ ಹೊಳೆದಿರಲಿಲ್ಲ, ಕೊಪ್ಪೆಯೊಳಗೆ ತಲೆ ಬಗ್ಗಿಸಿ ಕೂಗುತ್ತಿದ್ದವಳು ಹಿಂದೆ ತಿರುಗಿ ನೋಡಿದ್ದಾದರೂ ಯಾವಾಗ?

ಆಕೆ ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಮೊಣಕಾಲವರೆಗೆ ಕೆಸರು, ಗೊಂಗಡಿಯಿಂದ ನೀರು ಸೋರುತ್ತಿತ್ತು. ಹೊಸ್ತಿಲ ಆಚೆಯೇ ನಿಂತಳು. ಸಾರಿಸಿದ ನೆಲ ಕೆಟ್ಟೀತೆಂದೋ, ಇಷ್ಟು ವರ್ಷದ ಮೇಲೆ ಒಳಗೆ ಕಾಲಿಡುವುದು ಹೇಗೆಂದೋ. ಅತ್ತೆ ಹೋಗಿ ಆಕೆಯ ರಟ್ಟೆ ಹಿಡಿದು ಒಳಗೆ ಎಳೆದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆಕೆ ಗೊಂಗಡಿ ತೆಗೆದಿಟ್ಟು, ಒಲೆಯ ಮುಂದೆ ಕೈ ಕಾಸಿಕೊಂಡ ಮೇಲೆ ಇಮಾಂಬಿ ಕೂಸನ್ನು ಕೊಟ್ಟಳು. ಫಕೀರವ್ವ ಅದನ್ನು ದೀಪದ ಗೂಡಿನ ಬಳಿಗೆ ಒಯ್ದು ತಿರುಗಿಸಿ ಮುರುಗಿಸಿ ನೋಡಿದಳು. ನಾನು ಹಾಸಿಗೆಯಿಂದ ಆಕೆಯ ಮುಖವನ್ನು ನೋಡುತ್ತಿದ್ದೆ. ನನ್ನ ದಾರಿಗೆ ಮುಳ್ಳು ಇಟ್ಟಿದ್ದವಳು ನನ್ನ ಮಗಳ ಹಣೆಯನ್ನು ಬೆರಳ ಹಿಂಬದಿಯಿಂದ ಸವರುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು. ನನ್ನ ಮುಖ ನೋಡಿ ಆಕೆ ಆಡಿದ ಎರಡನೆಯ ಮಾತು ಅದು.

"ಕೂಸು ನಿನ್ನಂಗ ಆಗೇತಿ ಅಂದ್ಕೊಂಡಿದ್ನಿ. ಇಲ್ಲ. ಮೂಗು ನಿಮ್ಮತ್ತೀದು." ಕೂಸಿನ ಮೂಗು ಸವರಿ, "ಪಾಪ," ಅಂದಳು.

ಅಷ್ಟು ದಿನ ಒಂದಕ್ಕೆ ಹತ್ತು ಕೊಟ್ಟಿದ್ದ ಅತ್ತೆ ಗೂಟದ ಮೇಲಿನ ಒಣಗಿದ ಸೀರೆಯನ್ನು ಎಳೆದು ತಂದು, ಗೆಳತಿಯ ಹಿಂದೆ ನಿಂತು, ಒದ್ದೆ ತಲೆಯನ್ನು ಗಸಗಸ ಒರೆಸತೊಡಗಿದರು. ಅವರ ಕಣ್ಣೀರು ಫಕೀರವ್ವನ ನೆತ್ತಿಯ ಮೇಲೆ ಬೀಳುತ್ತಿತ್ತು, ಅದನ್ನೂ ಸೇರಿಸಿ ಒರೆಸುತ್ತಿದ್ದರು.

"ಏ ನೀಲೀ, ಮೆಲ್ಲಕ," ಎಂದಳು ಫಕೀರವ್ವ, ಕೂಸಿನಿಂದ ಕಣ್ಣು ತೆಗೆಯದೆ. "ತಲೀ ಒರಸಾಕತ್ತೀಯೋ, ನೆಲಾ ತಿಕ್ಕಾಕತ್ತೀಯೋ?"